ಡಿಸ್ಕ್ ಸತ್ತಿಲ್ಲ, ಕರೆಂಟು ಸಾಲುತ್ತಿಲ್ಲ

ಪೋರ್ಟಬಲ್ ಹಾರ್ಡ್ ಡಿಸ್ಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸುತ್ತೀರಿ. ಪುಟ್ಟ ದೀಪ ಹತ್ತುತ್ತದೆ. ಒಳಗೆ ಏನೋ ಸುಯ್ಯೆಂದು ಏಳುತ್ತದೆ, ಟಿಕ್ ಅನ್ನುತ್ತದೆ, ಇಳಿದುಹೋಗುತ್ತದೆ. ಮತ್ತೆ ಸುಯ್, ಮತ್ತೆ ಟಿಕ್. ಡಿಸ್ಕ್ ಬಂತು ಅಂತ ಕಂಪ್ಯೂಟರ್ ಒಮ್ಮೆ ಟಿಂಗ್ ಅನ್ನುತ್ತದೆ, ಮರುಗಳಿಗೆಯಲ್ಲಿ ಹೋಯಿತು ಅಂತ ಇನ್ನೊಂದು ದನಿ ತೆಗೆಯುತ್ತದೆ. ಹತ್ತು ವರ್ಷದ ಫೋಟೊಗಳೆಲ್ಲ ಅದರಲ್ಲೇ ಇವೆ. ಇಲ್ಲಿಂದ ಮುಂದಿನ ಅರ್ಧ ಗಂಟೆಯಲ್ಲಿ ಮಾಲೀಕರು ಗಾಬರಿಯಿಂದ ಮಾಡುವ ಕೆಲಸಗಳೇ ಎಷ್ಟೋ ಸಲ ಡಿಸ್ಕನ್ನು ನಿಜವಾಗಿ ಕೊಲ್ಲುತ್ತವೆ. ಹತ್ತಾರು ಸಲ ಕಿತ್ತು ಸಿಕ್ಕಿಸುತ್ತಾರೆ, ಅಂಗೈ ಮೇಲೆ ತಟ್ಟುತ್ತಾರೆ, ‘ಫಾರ್ಮ್ಯಾಟ್ ಮಾಡಲೇ?’ ಎಂದು ವಿಂಡೋಸ್ ಕೇಳಿದರೆ ಹೂಂ ಅಂದುಬಿಡುತ್ತಾರೆ.

ಟಿಕ್ ಟಿಕ್ ಅನ್ನುವ ಡಿಸ್ಕುಗಳೆಲ್ಲ ಚೆನ್ನಾಗಿಯೇ ಇವೆ ಅಂತಲ್ಲ. ಆದರೆ ಡಿಸ್ಕಿನ ಮೇಲೆ ಅನುಮಾನ ಪಡುವ ಮೊದಲು ಅದಕ್ಕೆ ಕರೆಂಟು ಬರುವ ದಾರಿಯ ಮೇಲೆ ಅನುಮಾನ ಪಡಬೇಕು. ಆ ದಾರಿಯ ಪರೀಕ್ಷೆಗೆ ಸಾಫ್ಟ್‌ವೇರ್ ಬೇಡ, ಹೆಚ್ಚು ದುಡ್ಡೂ ಬೇಡ. ಮದುವೆ ಸೀಸನ್ ಮುಗಿಸಿದ ಫೋಟೊ ಸ್ಟುಡಿಯೊಗಳು, ರಾತ್ರಿಯಿಡೀ ಯಕ್ಷಗಾನ ರೆಕಾರ್ಡ್ ಮಾಡಿ ಕೂಡಿಟ್ಟುಕೊಂಡ ಅಭಿಮಾನಿಗಳು, ಊರಿನ ಜಮೀನಿನ ಕಾಗದಪತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿಟ್ಟವರು, ಎಲ್ಲರ ಸಂಗ್ರಹವೂ ಇಂಥ ಅಂಗೈಯಗಲದ ಡಬ್ಬಿಗಳಲ್ಲೇ ಇರುವುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಡಬ್ಬಿಯೊಳಗೆ ಇರುವುದು ಹಿಂದೆ ಲ್ಯಾಪ್‌ಟಾಪುಗಳಲ್ಲಿ ಇರುತ್ತಿದ್ದ ಎರಡೂವರೆ ಇಂಚಿನ ಹಾರ್ಡ್ ಡಿಸ್ಕೇ. ಕನ್ನಡಿಯಂತೆ ನುಣುಪಾದ ತಟ್ಟೆಗಳು, ಅವನ್ನು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗಿಸುವ ಮೋಟರ್, ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುವ ಹೆಡ್ಡುಗಳು. ಇವಕ್ಕೆ ಬೇರೆ ಕರೆಂಟಿನ ವ್ಯವಸ್ಥೆ ಇಲ್ಲ. ಫೈಲು ಓಡಾಡುವ ಅದೇ ಕೇಬಲ್ಲಿನಲ್ಲಿ 5 ವೋಲ್ಟ್ ಕೂಡ ಬರಬೇಕು. ಡಿಸ್ಕ್ ತಿರುಗುತ್ತಾ ಓದುವಾಗ, ಬರೆಯುವಾಗ ಸುಮಾರು 400 ಮಿಲಿಆಂಪಿಯರ್ ಎಳೆಯುತ್ತದೆ. ಆದರೆ ನಿಂತಿದ್ದ ತಟ್ಟೆ ಪೂರ್ತಿ ವೇಗಕ್ಕೆ ಏರುವ ಮೊದಲ ಕೆಲವು ಸೆಕೆಂಡುಗಳಲ್ಲಿ ಅದಕ್ಕೆ 1 ಆಂಪಿಯರ್ ಆಸುಪಾಸು ಬೇಕು. ಒಳಗಿನ ಡಿಸ್ಕಿನ ಲೇಬಲ್ ಮೇಲೆ ಎಷ್ಟೋ ಕಂಪನಿಗಳು ‘5 ವೋಲ್ಟ್, 1 ಆಂಪಿಯರ್’ ಅಂತ ಅಚ್ಚು ಹಾಕಿರುತ್ತವೆ. ಅಂಗಡಿಯಲ್ಲಿ ಕೈಗೆ ಕೊಡುವ ರಟ್ಟಿನ ಪೆಟ್ಟಿಗೆಯ ಮೇಲೆ ಈ ಅಂಕಿ ಕಾಣಿಸುವುದು ಅಪರೂಪ. ಅಲ್ಲಿ ಎಷ್ಟು ಟಿಬಿ ಅನ್ನುವುದಷ್ಟೇ ದಪ್ಪಕ್ಷರದಲ್ಲಿ.

ಈಗ ಇನ್ನೊಂದು ತುದಿಗೆ ಬನ್ನಿ. ಯುಎಸ್‌ಬಿಯ ಮೊದಲ ನಿಯಮಾವಳಿ ಬಂದದ್ದು 1996ರ ಜನವರಿಯಲ್ಲಿ. ಇಂಟೆಲ್‌ನಲ್ಲಿ ಆ ಕೆಲಸದ ಮುಂದಾಳತ್ವ ವಹಿಸಿದವರು ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದ ಅಜಯ್ ಭಟ್. ಕೀಬೋರ್ಡಿಗೊಂದು, ಮೌಸಿಗೊಂದು, ಪ್ರಿಂಟರಿಗೊಂದು, ಮೋಡೆಮ್ಮಿಗೊಂದು ಎಂದು ಕಂಪ್ಯೂಟರಿನ ಬೆನ್ನ ತುಂಬ ಬೇರೆ ಬೇರೆ ಆಕಾರದ ಕಿಂಡಿಗಳಿದ್ದ ಕಾಲ ಅದು. ಎಲ್ಲಕ್ಕೂ ಒಂದೇ ಕಿಂಡಿ ಸಾಕು ಅನ್ನುವುದು ಉದ್ದೇಶ. ಒಂದು ಸಾಧನಕ್ಕೆ ಹೆಚ್ಚೆಂದರೆ 500 ಮಿಲಿಆಂಪಿಯರ್ ಅಂತ ಗೊತ್ತು ಮಾಡಿದರು. ಮೌಸು, ಕೀಬೋರ್ಡುಗಳ ಮಟ್ಟಿಗೆ ಅದು ಧಾರಾಳ. 2000ದಲ್ಲಿ ಬಂದ ಯುಎಸ್‌ಬಿ 2.0 ವೇಗವನ್ನು ನಲವತ್ತು ಪಟ್ಟು ಏರಿಸಿತು, ಕರೆಂಟನ್ನು ಅಲ್ಲೇ ಬಿಟ್ಟಿತು. 2008ರ ಕೊನೆಗೆ ಬಂದ ಯುಎಸ್‌ಬಿ 3.0ರಲ್ಲಿ ಅದು 900 ಮಿಲಿಆಂಪಿಯರ್ ಆಯಿತು. ಆಮೇಲಿನ ಟೈಪ್-ಸಿ ಕಿಂಡಿಗೆ 1.5 ಅಥವಾ 3 ಆಂಪಿಯರ್ ಕೊಡುವ ಅವಕಾಶವೂ ನಿಯಮದಲ್ಲೇ ಇದೆ.

ಅರ್ಧ ಆಂಪಿಯರ್ ಕೊಡುವ ಕಿಂಡಿಗೆ ಒಂದು ಆಂಪಿಯರ್ ಕೇಳುವ ಡಿಸ್ಕನ್ನು ಸಿಕ್ಕಿಸಿದರೂ ಇಷ್ಟು ವರ್ಷ ನಡೆಯಿತಲ್ಲ ಅಂತ ನೀವು ಕೇಳಬಹುದು. ನಡೆದದ್ದು ಕಂಪ್ಯೂಟರ್ ಕಂಪನಿಗಳ ಔದಾರ್ಯದಿಂದ. ಎಷ್ಟೋ ಮದರ್‌ಬೋರ್ಡುಗಳಲ್ಲಿ ಕಿಂಡಿಯ ಕರೆಂಟನ್ನು ಕಾಯುವ ಪಾಲಿಫ್ಯೂಸೋ ಸ್ವಿಚ್ಚೋ 500 ಮಿಲಿಆಂಪಿಯರಿಗೆ ಸರಿಯಾಗಿ ಕಡಿಯುವುದಿಲ್ಲ, ಅದಕ್ಕಿಂತ ಸಾಕಷ್ಟು ಮೇಲಕ್ಕೆ ಹೋಗಲು ಬಿಡುತ್ತದೆ. ಡಿಸ್ಕ್ ಕೂಡ ಪೂರ್ತಿ ನಿಜ ಹೇಳುವುದಿಲ್ಲ. ಸಿಕ್ಕಿಸಿದ ಕೂಡಲೇ ಪ್ರತಿಯೊಂದು ಸಾಧನವೂ ತನಗೆ ಎಷ್ಟು ಬೇಕು ಅಂತ ಕಂಪ್ಯೂಟರಿಗೆ ತಿಳಿಸಬೇಕು. ಡಿಸ್ಕುಗಳು ಅಲ್ಲಿ ಸಾಮಾನ್ಯವಾಗಿ 500 ಅಥವಾ 896 ಅಂತ ಬರೆದುಕೊಂಡಿರುತ್ತವೆ, ಅಂದರೆ ನಿಯಮ ಬಿಟ್ಟುಕೊಡುವ ಗರಿಷ್ಠ. ಏಳುವಾಗ ನಿಜಕ್ಕೂ ಎಳೆಯುವುದು ಬೇರೆಯೇ. ಹೀಗೆ ಎರಡೂ ಕಡೆಯವರು ನಿಯಮವನ್ನು ಸ್ವಲ್ಪ ಸಡಿಲಿಸಿಕೊಂಡು ಸಂಸಾರ ನಡೆಸುತ್ತಿದ್ದಾರೆ. ಒಂದು ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುವ ಡಿಸ್ಕ್ ಇನ್ನೊಂದರಲ್ಲಿ ಟಿಕ್ ಟಿಕ್ ಅನ್ನುವುದು ಇದರಿಂದಲೇ. ಒಂದು ಕಡೆ ಕೈ ಬಿಗಿ, ಇನ್ನೊಂದು ಕಡೆ ಸಡಿಲ.

ಬೇಸಿಗೆಯಲ್ಲಿ ಬಾವಿಯ ಪಂಪ್‌ಸೆಟ್ ಓಡಿಸಿದವರಿಗೆ ಮುಂದಿನ ಮಾತನ್ನು ವಿವರಿಸಬೇಕಿಲ್ಲ. ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ತೋಟಕ್ಕೆ ದೂರ, ವೈರು ಸಣ್ಣ, ಲೈನಿನಲ್ಲಿ ವೋಲ್ಟೇಜ್ ಕಡಿಮೆ. ಬಲ್ಬು ಮಂಕಾಗಿಯಾದರೂ ಉರಿಯುತ್ತದೆ, ಆದರೆ ಸ್ಟಾರ್ಟರ್ ಒತ್ತಿದರೆ ಮೋಟರ್ ಗುಂಯ್ ಅನ್ನುತ್ತದೆಯೇ ಹೊರತು ತಿರುಗುವುದಿಲ್ಲ. ಹೊರಡುವ ಗಳಿಗೆಯಲ್ಲಿ ಮೋಟರ್ ಹೆಚ್ಚು ಕರೆಂಟು ಎಳೆಯುತ್ತದೆ. ಹೆಚ್ಚು ಎಳೆದಷ್ಟೂ ವೈರಿನಲ್ಲೇ ವೋಲ್ಟೇಜ್ ಕಳೆದುಹೋಗುತ್ತದೆ. ವೋಲ್ಟೇಜ್ ಕಳೆದಷ್ಟೂ ಮೋಟರಿಗೆ ಹೊರಡುವ ಶಕ್ತಿ ಸಾಲದು. ಡಿಸ್ಕಿನೊಳಗಿನ ಪುಟ್ಟ ಮೋಟರಿಗೂ ಇದೇ ಕಷ್ಟ. ಅದರ ದೀಪ ಉರಿಯುತ್ತಿದೆ ಅನ್ನುವ ಒಂದೇ ಕಾರಣಕ್ಕೆ ಕರೆಂಟು ಸರಿಯಾಗಿ ಬರುತ್ತಿದೆ ಅಂದುಕೊಳ್ಳಬೇಡಿ. ದೀಪಕ್ಕೆ ಬೇಕಾದದ್ದು ಕೆಲವೇ ಮಿಲಿಆಂಪಿಯರ್.

ಲೆಕ್ಕ ಹಾಕಿ ನೋಡಿದರೆ ಕೇಬಲ್ಲಿನ ಪಾಲು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಅಗ್ಗದ ಯುಎಸ್‌ಬಿ ಕೇಬಲ್ಲುಗಳಲ್ಲಿ ಕರೆಂಟು ಹರಿಯುವ ತಂತಿ ಹೆಚ್ಚಾಗಿ 28 ಗೇಜಿನದು. ಇಂಥ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ತಡೆ. ಕರೆಂಟು ಹೋಗಲು ಒಂದು ತಂತಿ, ವಾಪಸು ಬರಲು ಇನ್ನೊಂದು. ಆದ್ದರಿಂದ ಒಂದೂವರೆ ಮೀಟರ್ ಕೇಬಲ್ ಅಂದರೆ ಲೆಕ್ಕಕ್ಕೆ ಮೂರು ಮೀಟರ್ ತಂತಿ, 0.64 ಓಮ್. ಇದರಲ್ಲಿ 1 ಆಂಪಿಯರ್ ಹರಿದರೆ 0.64 ವೋಲ್ಟ್ ದಾರಿಯಲ್ಲೇ ಖರ್ಚು. ಕಿಂಡಿಯಲ್ಲಿ ಸರಿಯಾಗಿ 5 ವೋಲ್ಟ್ ಇದ್ದರೂ ಡಿಸ್ಕಿಗೆ ಮುಟ್ಟುವುದು 4.36. ಸಾಮಾನ್ಯ ಡಿಸ್ಕುಗಳು ಸಹಿಸುವುದು ಶೇ 5ರ ಏರಿಳಿತ, ಅಂದರೆ 4.75ರವರೆಗೆ. ಅದೇ ಕೇಬಲ್ ಅರ್ಧ ಮೀಟರಿನದಾದರೆ ನಷ್ಟ ಕಾಲು ವೋಲ್ಟಿಗಿಂತ ಕಡಿಮೆ. ಡಿಸ್ಕಿನ ಜತೆ ಕಂಪನಿಯವರು ಯಾಕೆ ಗೇಣುದ್ದದ ಕೇಬಲ್ ಕೊಡುತ್ತಾರೆ, ಮೇಜಿನ ಮೇಲೆ ನೇತಾಡುವಷ್ಟು ಕೂಡ ಯಾಕಿಲ್ಲ ಅಂತ ಬೈದುಕೊಳ್ಳುವವರಿಗೆ ಉತ್ತರ ಇಲ್ಲಿದೆ. ಅದು ಜಿಪುಣತನವಲ್ಲ, ಲೆಕ್ಕಾಚಾರ.

ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ. 24 ಗೇಜಿನ ತಂತಿಯ ತಡೆ 28ರದ್ದಕ್ಕಿಂತ ಅರ್ಧಕ್ಕೂ ಕಡಿಮೆ. ಒಳ್ಳೆಯ ಕೇಬಲ್ಲಿನ ಹೊರಕವಚದ ಮೇಲೆ ಸಣ್ಣಕ್ಷರದಲ್ಲಿ ಎರಡು ಅಂಕಿ ಕಾಣಿಸುತ್ತವೆ. ಮೊದಲನೆಯದು ಹೆಚ್ಚಾಗಿ 28, ಅದು ಡೇಟಾ ತಂತಿಗಳದ್ದು. ಎರಡನೆಯದು 24 ಅಂತಿದ್ದರೆ ಅದು ಕರೆಂಟಿನ ತಂತಿ, ಕೊಳ್ಳಬಹುದು. ಏನೂ ಅಚ್ಚಾಗಿಲ್ಲದ ಕೇಬಲ್ಲನ್ನು ಫೋನ್ ಚಾರ್ಜಿಗೆ ಇಟ್ಟುಕೊಳ್ಳಿ.

ಹಾಗಾಗಿ ಪರೀಕ್ಷೆ ಕೇಬಲ್ಲಿನಿಂದಲೇ ಶುರುವಾಗಬೇಕು. ಬಹುಪಾಲು ಪೋರ್ಟಬಲ್ ಡಿಸ್ಕುಗಳಿಗಿರುವುದು ಚಪ್ಪಟೆಯಾದ, ಮಧ್ಯೆ ಕಚ್ಚು ಬಿದ್ದು ಎರಡು ಭಾಗವಾದಂತೆ ಕಾಣುವ ಅಗಲ ಕಿಂಡಿ. ಯುಎಸ್‌ಬಿ 3.0ರ ಮೈಕ್ರೊ-ಬಿ ಅಂತ ಅದರ ಹೆಸರು. ನನ್ನ ಕೇಳಿದರೆ ಯುಎಸ್‌ಬಿ ಕುಟುಂಬದಲ್ಲಿ ಇದಕ್ಕಿಂತ ಕೆಟ್ಟ ಕಿಂಡಿ ಇನ್ನೊಂದಿಲ್ಲ. ಬ್ಯಾಗಿನೊಳಗೆ ಡಿಸ್ಕಿಗೇ ಕೇಬಲ್ ಸಿಕ್ಕಿಸಿ ಸುತ್ತಿಟ್ಟರೆ ನಾಲ್ಕೇ ತಿಂಗಳಲ್ಲಿ ಸಡಿಲ. ಕೇಬಲ್ಲನ್ನು ಬುಡದಲ್ಲಿ ಮೆಲ್ಲಗೆ ಅಲುಗಿಸಿದಾಗ ದೀಪ ಆರಿ ಹತ್ತಿದರೆ ಅಪರಾಧಿ ಸಿಕ್ಕಂತೆ. (ಡಿಸ್ಕ್ ಏನನ್ನೋ ಬರೆಯುತ್ತಿರುವಾಗ ಮಾತ್ರ ಈ ಪರೀಕ್ಷೆ ಬೇಡ.) ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆಗಾಲದ ತೇವ ಎರಡೂ ಕಿಂಡಿಯ ಲೋಹಕ್ಕೆ ಆಗುವುದಿಲ್ಲ. ಅಂಥ ಕಡೆ ಪಿನ್ನುಗಳ ಮೇಲೆ ಕಿಲುಬು ಇದೆಯೇ ಅಂತ ಟಾರ್ಚ್ ಹಾಕಿ ನೋಡುವುದು ಒಳ್ಳೆಯದು.

ಬೇರೆ ಕೇಬಲ್ ತಕ್ಷಣಕ್ಕೆ ಸಿಗದಿದ್ದರೆ ಒಂದು ಉಪಾಯ ಇದೆ. ಆ ಅಗಲ ಕಿಂಡಿಯ ದೊಡ್ಡ ಭಾಗಕ್ಕೆ ಹಳೆಯ ಫೋನುಗಳ ಮಾಮೂಲಿ ಮೈಕ್ರೊ-ಯುಎಸ್‌ಬಿ ಕೇಬಲ್ ಸರಿಯಾಗಿ ಕೂರುತ್ತದೆ. ವೇಗ ಯುಎಸ್‌ಬಿ 2.0ರ ಮಟ್ಟಕ್ಕೆ ಇಳಿಯುತ್ತದೆ, ಆದರೆ ಡಿಸ್ಕ್ ಎದ್ದು ನಿಂತರೆ ಹಳೆಯ ಕೇಬಲ್ ಕೆಟ್ಟಿತ್ತು ಅನ್ನುವುದು ಖಾತ್ರಿ. ಕೇಬಲ್ ಗಿಡ್ಡ ಇರಲಿ, ಡೇಟಾ ಹರಿಯುವಂಥದ್ದೇ ಇರಲಿ. ಚಾರ್ಜಿಗೆ ಮಾತ್ರ ಅಂತ ಮಾಡಿದ ಕೇಬಲ್ಲುಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಡಿಸ್ಕ್ ಆರಾಮವಾಗಿ ತಿರುಗುತ್ತದೆ, ಕಂಪ್ಯೂಟರಿಗೆ ಕಾಣಿಸುವುದಿಲ್ಲ, ನೀವು ತಲೆ ಕೆರೆದುಕೊಳ್ಳುತ್ತೀರಿ.

ಎರಡನೆಯದು ಕಿಂಡಿ. ಡೆಸ್ಕ್‌ಟಾಪ್ ಆದರೆ ಹಿಂಭಾಗದ ಕಿಂಡಿಗೇ ಹಾಕಿ ನೋಡಿ. ಅವು ಮದರ್‌ಬೋರ್ಡಿಗೇ ಬೆಸೆದುಕೊಂಡಿರುತ್ತವೆ. ಕ್ಯಾಬಿನೆಟ್ಟಿನ ಮುಂಭಾಗದವು ಒಳಗೆ ಇನ್ನೊಂದು ಸಣ್ಣ ವೈರಿನ ಮೂಲಕ ಬಂದಿರುತ್ತವೆ, ಅಲ್ಲಿಯೂ ವೋಲ್ಟೇಜ್ ಸೋರುತ್ತದೆ. ಲ್ಯಾಪ್‌ಟಾಪಿನಲ್ಲಿ ಒಳಭಾಗ ನೀಲಿ ಇರುವ ಕಿಂಡಿ ಹೆಚ್ಚಾಗಿ 3.0ರದು. ಪಕ್ಕದಲ್ಲಿ ಬ್ಯಾಟರಿಯ ಅಥವಾ ಮಿಂಚಿನ ಗುರುತಿದ್ದರೆ ಅದು ಫೋನ್ ಚಾರ್ಜು ಮಾಡಲೆಂದೂ ಇರುವ ಕಿಂಡಿ, ಕರೆಂಟು ಹೆಚ್ಚು ಕೊಡುತ್ತದೆ. ಬಣ್ಣವನ್ನು ನಿಯಮ ಕಡ್ಡಾಯ ಮಾಡಿಲ್ಲ, ಹಾಗಾಗಿ ನೀಲಿ ಕಾಣಿಸದಿದ್ದರೂ ನಿರಾಶರಾಗಬೇಡಿ. ಒಮ್ಮೆ ಮಿತಿ ಮೀರಿ ಎಳೆದು ಪಾಲಿಫ್ಯೂಸ್ ಬಿಸಿಯಾಗಿ ಕಡಿದಿದ್ದರೆ ಆ ಕಿಂಡಿ ಸತ್ತಂತೆ ಕಾಣುತ್ತದೆ. ಕಂಪ್ಯೂಟರನ್ನು ಪೂರ್ತಿ ಆರಿಸಿ, ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟರೆ ಅದು ತಣಿದು ಮತ್ತೆ ಜೋಡಿಕೊಳ್ಳುತ್ತದೆ.

ಇನ್ನು ಹಬ್. ಒಂದು ಕಿಂಡಿಯನ್ನು ನಾಲ್ಕು ಮಾಡುವ, ತನ್ನದೇ ಅಡಾಪ್ಟರ್ ಇಲ್ಲದ ಹಬ್ಬಿಗೆ ಹಾರ್ಡ್ ಡಿಸ್ಕ್ ಸಿಕ್ಕಿಸುವುದು ಶುದ್ಧ ಅವಿವೇಕ. ಕಂಪ್ಯೂಟರಿನ ಒಂದು ಕಿಂಡಿಗೆ ಬರುವ 500 ಮಿಲಿಆಂಪಿಯರನ್ನೇ ಅದು ಹಂಚಬೇಕು. ಯುಎಸ್‌ಬಿ 2.0ರ ನಿಯಮದಂತೆ ಇಂಥ ಹಬ್ಬಿನ ಪ್ರತಿ ಕಿಂಡಿಯ ಪಾಲು ಬರೀ 100 ಮಿಲಿಆಂಪಿಯರ್. ಮೌಸು, ಪೆನ್‌ಡ್ರೈವ್ ಅಲ್ಲಿರಲಿ. ಅಡಾಪ್ಟರ್ ಇರುವ ಹಬ್ ಬೇರೆ ಮಾತು. ಕರೆಂಟಿನ ಕೊರತೆಗೆ ಅದೇ ನಿಜವಾದ ಔಷಧ. ಕೊಳ್ಳುವಾಗ ಹಬ್ಬಿನ ಚಂದ ನೋಡಬೇಡಿ, ಅಡಾಪ್ಟರಿನ ಲೇಬಲ್ ಓದಿ. ಒಂದು ಡಿಸ್ಕಿಗೆ 5 ವೋಲ್ಟ್ 2 ಆಂಪಿಯರ್ ಸಾಕು, ಎರಡು ಮೂರು ಡಿಸ್ಕ್ ಹಾಕುವವರಿಗೆ 4 ಆಂಪಿಯರ್ ಇರಲಿ.

ಎರಡು ತಲೆಯ ಕೇಬಲ್ ನೆನಪಿದೆಯೇ? ಒಂದು ತುದಿ ಡಿಸ್ಕಿಗೆ, ಇನ್ನೊಂದು ತುದಿ ಕವಲೊಡೆದು ಎರಡು ಕಿಂಡಿಗೆ. ಹದಿನೈದಿಪ್ಪತ್ತು ವರ್ಷದ ಹಿಂದೆ ಪೋರ್ಟಬಲ್ ಡಿಸ್ಕುಗಳ ಜತೆ ಅದು ಬರುತ್ತಿತ್ತು. ಯುಎಸ್‌ಬಿಯ ನಿಯಮ ಮಾಡುವವರು ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಆದರೆ ಹಳೆಯ ಲ್ಯಾಪ್‌ಟಾಪಿನಲ್ಲಿ ಡಿಸ್ಕನ್ನು ಎಬ್ಬಿಸಲು ಅದು ಕೆಲಸಕ್ಕೆ ಬರುತ್ತದೆ ಅನ್ನುವುದೂ ನಿಜ. ಇದ್ದರೆ ಬಿಸಾಡಬೇಡಿ. ಎರಡೂ ತಲೆಯನ್ನು ಒಂದೇ ಯಂತ್ರಕ್ಕೆ ಸಿಕ್ಕಿಸಿದರೆ ಸಾಕು.

ಟಿವಿಗೆ ಸಿಕ್ಕಿಸಿ ಸಿನಿಮಾ ನೋಡುವವರ ದೂರೂ ಇದೇ ಜಾತಿಯದು. ಟಿವಿಯ ಯುಎಸ್‌ಬಿ ಕಿಂಡಿಗಳಲ್ಲಿ ಹಲವು 500 ಮಿಲಿಆಂಪಿಯರಿಗೇ ನಿಲ್ಲುತ್ತವೆ. ಪಕ್ಕದಲ್ಲಿ ‘ಎಚ್‌ಡಿಡಿ’ ಅಂತ ಬರೆದ ಕಿಂಡಿ ಇದ್ದರೆ ಅದಕ್ಕೇ ಹಾಕಿ. ಫೋನಿಗೆ ಓಟಿಜಿ ಮೂಲಕ ಸಿಕ್ಕಿಸುವುದಂತೂ ಅದೃಷ್ಟದ ಆಟ. ಪೆನ್‌ಡ್ರೈವ್ ನಡೆಯಿತು ಅಂತ ಹಾರ್ಡ್ ಡಿಸ್ಕ್ ನಡೆಯಬೇಕೆಂದಿಲ್ಲ. ರಾಸ್ಪ್‌ಬೆರಿ ಪೈ ಹಾಕಿಕೊಂಡು ಮನೆಯಲ್ಲೇ ಪುಟ್ಟ ಸರ್ವರ್ ನಡೆಸುವ ಹುಡುಗರಿಗೆ ಒಂದು ಅಂಕಿ: ಪೈ 5ಕ್ಕೆ 3 ಆಂಪಿಯರಿನ ಅಡಾಪ್ಟರ್ ಕೊಟ್ಟರೆ ಅದರ ನಾಲ್ಕೂ ಕಿಂಡಿಗಳಿಗೆ ಸೇರಿ ಸಿಗುವುದು 600 ಮಿಲಿಆಂಪಿಯರ್. 5 ಆಂಪಿಯರಿನದು ಕೊಟ್ಟರೆ 1.6 ಆಂಪಿಯರ್. ಡಿಸ್ಕ್ ಬದಲಿಸುವ ಮೊದಲು ಅಡಾಪ್ಟರ್ ಬದಲಿಸಿ.

ಇಷ್ಟರಲ್ಲಿ ಕಿವಿಗೂ ಕೆಲಸ ಕೊಡಬೇಕು. ಡಿಸ್ಕಿನ ಆರೋಗ್ಯವನ್ನು ಅದರ ಸದ್ದೇ ಎಷ್ಟೋ ಸಲ ಹೇಳುತ್ತದೆ. ಸುಸ್ಥಿತಿಯ ಡಿಸ್ಕ್ ಮೂರ್ನಾಲ್ಕು ಸೆಕೆಂಡು ಮೆಲ್ಲಗೆ ದನಿ ಏರಿಸುತ್ತದೆ, ಹೆಡ್ಡುಗಳು ತಮ್ಮ ತಂಗುದಾಣದಿಂದ ತಟ್ಟೆಯ ಮೇಲೆ ಇಳಿಯುವಾಗ ಒಮ್ಮೆ ‘ಟುಕ್’ ಅನ್ನುತ್ತದೆ, ಆಮೇಲೆ ಕಿವಿಗಿಟ್ಟರೆ ಮಾತ್ರ ಕೇಳಿಸುವಂಥ ಒಂದೇ ಸಮನೆಯ ಗುನುಗು. ಕರೆಂಟು ಸಾಲದಾಗ ದನಿ ಏರುತ್ತದೆ, ಪೂರ್ತಿ ಏರುವ ಮೊದಲೇ ಟಿಕ್ ಎಂದು ಕುಸಿಯುತ್ತದೆ, ಮತ್ತೆ ಮೊದಲಿಂದ. ದೀಪವೂ ಜತೆಗೇ ಮಂಕಾಗಿ ಮಿಣುಕಬಹುದು. ಹಾಗಲ್ಲದೆ ದನಿ ಪೂರ್ತಿ ಏರಿ, ನಿಂತು, ಆಮೇಲೆ ಗಡಿಯಾರದ ಲಯದಲ್ಲಿ ಟಕ್ ಟಕ್ ಟಕ್ ಎಂದು ಬಡಿದುಕೊಂಡರೆ ಅದು ಕರೆಂಟಿನ ಸಮಸ್ಯೆಯಲ್ಲ. ತಟ್ಟೆಯ ಮೇಲಿನ ಗುರುತುಗಳನ್ನು ಹೆಡ್ಡುಗಳು ಓದಲಾರದೆ ಮತ್ತೆ ಮತ್ತೆ ತಡಕಾಡುವ ಸದ್ದು ಅದು. ಇನ್ನು ಕೆಲವು ಡಿಸ್ಕುಗಳು ಸಣ್ಣಗೆ ‘ಬೀಪ್ ಬೀಪ್’ ಅನ್ನುತ್ತವೆ. ಹಾರ್ಡ್ ಡಿಸ್ಕಿನೊಳಗೆ ಸ್ಪೀಕರ್ ಇಲ್ಲ. ತಿರುಗಲಾರದ ಮೋಟರಿನ ಸುರುಳಿಯೇ ಹಾಗೆ ಕೂಗುವುದು. ಕರೆಂಟು ತೀರಾ ಕಡಿಮೆ ಇರಬಹುದು, ಇಲ್ಲವೇ ಡಿಸ್ಕ್ ಕೆಳಗೆ ಬಿದ್ದು ಹೆಡ್ಡು ತಟ್ಟೆಗೆ ಅಂಟಿರಬಹುದು. ಕೆರೆದ ಸದ್ದು ಬಂದರೆ ಯೋಚನೆ ಮಾಡುತ್ತ ಕೂರದೆ ಕೇಬಲ್ ಕೀಳಿ.

ಗುಟ್ಟು ಇರುವುದು ಹೋಲಿಸಿ ಕೇಳುವುದರಲ್ಲಿ. ಗಿಡ್ಡ ಕೇಬಲ್ ಹಾಕಿ, ಒಳ್ಳೆಯ ಕಿಂಡಿಗೆ ಅಥವಾ ಅಡಾಪ್ಟರ್ ಇರುವ ಹಬ್ಬಿಗೆ ಬದಲಿಸಿದಾಗ ಸದ್ದು ಬದಲಾಯಿತೇ? ಬದಲಾದರೆ ದಾರಿಯಲ್ಲಿ ದೋಷ. ಎಲ್ಲಿ ಹಾಕಿದರೂ ಅದೇ ಸದ್ದು, ಅದೇ ಲಯ ಅಂದರೆ ಡಿಸ್ಕಿನಲ್ಲೇ ದೋಷ. ಇದಕ್ಕೆ ಹತ್ತಾರು ಪ್ರಯತ್ನ ಬೇಕಿಲ್ಲ, ಎರಡು ಮೂರು ಸಾಕು. ಅಗ್ಗದ ಯುಎಸ್‌ಬಿ ಮೀಟರ್ ಇದ್ದರೆ ಮಧ್ಯೆ ಸಿಕ್ಕಿಸಿ ವೋಲ್ಟೇಜ್ ನೋಡಬಹುದು, ಆದರೆ ಅದು ತೋರಿಸುವುದು ಸರಾಸರಿ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕುಸಿತ ಅದಕ್ಕೆ ಸಿಕ್ಕುವುದಿಲ್ಲ.

ಎಲ್ಲ ಸರಿಯಿದ್ದು, ಗಂಟೆಗಟ್ಟಲೆ ಓಡಿ, ನಡುವೆ ಡಿಸ್ಕ್ ಕಾಣೆಯಾಗುತ್ತದೆ ಅನ್ನುವವರು ಯಾವಾಗ ಕಾಣೆಯಾಗುತ್ತದೆ ಅಂತ ಗಮನಿಸಬೇಕು. ಭರದಿಂದ ಕಾಪಿ ಆಗುತ್ತಿರುವಾಗ ಹೋದರೆ ಕೇಬಲ್, ಕಿಂಡಿಗಳ ಮೇಲೆಯೇ ಗುಮಾನಿ. ಸುಮ್ಮನೆ ಬಿಟ್ಟು ಊಟ ಮಾಡಿ ಬರುವಷ್ಟರಲ್ಲಿ ಹೋಗಿದ್ದರೆ ಅದು ವಿಂಡೋಸಿನ ಮಿತವ್ಯಯ. ಬ್ಯಾಟರಿ ಉಳಿಸಲು ಅದು ಕೆಲಸವಿಲ್ಲದ ಯುಎಸ್‌ಬಿ ಸಾಧನಗಳನ್ನು ನಿದ್ದೆಗೆ ಕಳಿಸುತ್ತದೆ, ಕೆಲವು ಡಿಸ್ಕುಗಳು ಆ ನಿದ್ದೆಯಿಂದ ಏಳುವುದಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್ ಒಳಹೊಕ್ಕು ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಅನ್ನುವುದನ್ನು ಆಫ್ ಮಾಡಿ. ಡಿವೈಸ್ ಮ್ಯಾನೇಜರಿನಲ್ಲಿ ‘ಯುಎಸ್‌ಬಿ ರೂಟ್ ಹಬ್’ನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿರುವ ಟಿಕ್ ಗುರುತನ್ನೂ ತೆಗೆಯಿರಿ. ಅನುಮಾನವಿದ್ದರೆ ಈವೆಂಟ್ ವ್ಯೂಯರಿನಲ್ಲಿ 157ನೇ ಸಂಖ್ಯೆಯ ದಾಖಲೆ ಹುಡುಕಿ. ಹೇಳದೆ ಕೇಳದೆ ಡಿಸ್ಕ್ ಕಿತ್ತುಹೋಯಿತು ಅಂತ ವಿಂಡೋಸ್ ಬರೆದಿಟ್ಟುಕೊಳ್ಳುವ ಗುರುತು ಅದು. ಗಂಟೆ ನಿಮಿಷ ಸಮೇತ ಇರುತ್ತದೆ. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಕಾಪಿ ಮಾಡುವ ಸ್ಟುಡಿಯೊದವರು ಎರಡನ್ನೂ ಒಟ್ಟಿಗೆ ಸಿಕ್ಕಿಸದೆ, ಮೊದಲನೆಯದು ಎದ್ದು ಫೋಲ್ಡರ್ ತೋರಿಸಿದ ಮೇಲೆ ಎರಡನೆಯದನ್ನು ಸಿಕ್ಕಿಸುವುದು ಲೇಸು.

ದೊಡ್ಡ ಗಾತ್ರದ, ಮೇಜಿನ ಮೇಲೆ ನಿಲ್ಲುವ ಮೂರೂವರೆ ಇಂಚಿನ ಡಿಸ್ಕುಗಳದ್ದು ಬೇರೆ ಕಥೆ. ಅವಕ್ಕೆ 12 ವೋಲ್ಟಿನ ಸ್ವಂತ ಅಡಾಪ್ಟರ್ ಇರುತ್ತದೆ. ನಮ್ಮ ಮನೆಗಳಲ್ಲಿ ವೈಫೈ ರೂಟರಿನದು, ಸೆಟ್‌ಟಾಪ್ ಬಾಕ್ಸಿನದು, ಸಿಸಿಟಿವಿಯದು, ಲ್ಯಾಪ್‌ಟಾಪಿನದು ಅಂತ ಒಂದು ಡ್ರಾಯರ್ ತುಂಬ ಅಡಾಪ್ಟರುಗಳು ಹೆಣೆದುಕೊಂಡು ಬಿದ್ದಿರುತ್ತವೆ. ತೊಂದರೆ ಏನೆಂದರೆ ಇವುಗಳಲ್ಲಿ ಹಲವಕ್ಕೆ ದುಂಡು ಪಿನ್ ಒಂದೇ ಗಾತ್ರದ್ದು. ರೂಟರಿನ 12 ವೋಲ್ಟ್ ಅರ್ಧ ಅಥವಾ ಒಂದು ಆಂಪಿಯರಿನ ಅಡಾಪ್ಟರನ್ನು ಡಿಸ್ಕಿಗೆ ಹಾಕಿದರೆ ಅದು ಏಳಲಾರದೆ ಒದ್ದಾಡುತ್ತದೆ, ಯಾಕೆಂದರೆ ಏಳುವಾಗ ಅದಕ್ಕೆ 2 ಆಂಪಿಯರ್ ತನಕ ಬೇಕು. ಲ್ಯಾಪ್‌ಟಾಪಿನ 19 ವೋಲ್ಟಿನದನ್ನು ಹಾಕಿದರೆ ಡಿಸ್ಕಿನ ಹಸಿರು ಬೋರ್ಡಿನ ಮೇಲಿರುವ ಟಿವಿಎಸ್ ಡಯೋಡ್ ಎಂಬ ಸಣ್ಣ ಬಿಡಿಭಾಗ ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಪಾಡಲು ನೋಡುತ್ತದೆ. ಡಿಸ್ಕ್ ಉಸಿರೇ ಎತ್ತುವುದಿಲ್ಲ, ಆದರೆ ಒಳಗಿನ ಡೇಟಾ ಹಾಗೇ ಇರುತ್ತದೆ. ಬೋರ್ಡ್ ರಿಪೇರಿ ಬಲ್ಲವರು ಆ ಡಯೋಡ್ ತೆಗೆದು ಡೇಟಾ ಹೊರತೆಗೆಯುವುದುಂಟು. ಇದಕ್ಕೆಲ್ಲ ಮದ್ದು, ಅಡಾಪ್ಟರುಗಳ ಮೇಲೆ ಮಾರ್ಕರ್ ಪೆನ್ನಿನಲ್ಲಿ ಯಾವುದು ಯಾವುದರದ್ದು ಅಂತ ಬರೆಯುವುದು. ಹಳೆಯ ಅಡಾಪ್ಟರಿನ ಇನ್ನೊಂದು ಮೋಸವೂ ಗೊತ್ತಿರಲಿ. ಒಳಗಿನ ಕೆಪಾಸಿಟರ್ ಬತ್ತಿದ್ದರೆ ಮಲ್ಟಿಮೀಟರಿನಲ್ಲಿ 12 ವೋಲ್ಟ್ ಸರಿಯಾಗಿಯೇ ತೋರಿಸುತ್ತದೆ, ಡಿಸ್ಕಿನ ಭಾರ ಬಿದ್ದ ಕೂಡಲೇ ಕುಸಿಯುತ್ತದೆ. ಇನ್ನೊಂದು ಅಡಾಪ್ಟರ್ ಹಾಕಿ ನೋಡದೆ ಇದು ಬಯಲಾಗುವುದಿಲ್ಲ.

ಕರೆಂಟು ಹಠಾತ್ತನೆ ಹೋದರೆ ಡಿಸ್ಕಿಗೆ ಏನಾಗುತ್ತದೆ? ಇಲ್ಲಿ ಎಂಜಿನಿಯರುಗಳ ಒಂದು ಸೊಗಸಾದ ಜಾಣ್ಮೆ ಇದೆ. ಕರೆಂಟು ಹೋದರೂ ತಟ್ಟೆ ತಕ್ಷಣ ನಿಲ್ಲುವುದಿಲ್ಲ, ತಿರುಗುತ್ತಲೇ ಇರುತ್ತದೆ. ಆ ತಿರುಗಾಟದಲ್ಲಿ ಮೋಟರ್ ಒಂದು ಗಳಿಗೆ ಜನರೇಟರಾಗಿ ಬದಲಾಗಿ ವಿದ್ಯುತ್ ಹುಟ್ಟಿಸುತ್ತದೆ. ಅದೇ ವಿದ್ಯುತ್ತಿನಿಂದ ಹೆಡ್ಡುಗಳು ತಟ್ಟೆಯ ಮೇಲಿಂದ ತಂಗುದಾಣಕ್ಕೆ ಓಡುತ್ತವೆ. ಆದರೆ ಈ ಓಟ ಒರಟು. ಕ್ರಮವಾಗಿ ಹೆಡ್ಡು ಹತ್ತಿಸಿ ಇಳಿಸುವ ಕೆಲಸಕ್ಕೆ ಲಕ್ಷಗಟ್ಟಲೆ ಸಲದ ಬಾಳಿಕೆ ಹೇಳುವ ಕಂಪನಿಗಳು ಈ ತುರ್ತು ಓಟಕ್ಕೆ ಹೇಳುವುದು ಅದಕ್ಕಿಂತ ಎಷ್ಟೋ ಕಡಿಮೆ. ಕರೆಂಟು ಸಾಲದೆ ಗಂಟೆಗಟ್ಟಲೆ ಟಿಕ್ ಟಿಕ್ ಅನ್ನಲು ಬಿಟ್ಟರೆ ಪ್ರತಿ ಟಿಕ್ಕೂ ಈ ಸವಕಳಿಯ ಲೆಕ್ಕಕ್ಕೇ ಸೇರಬಹುದು. ಆದ್ದರಿಂದಲೇ ‘ಇನ್ನೊಂದು ಸಲ, ಇನ್ನೊಂದೇ ಸಲ’ ಎಂಬ ಹಟ ಬೇಡ ಅನ್ನುವುದು.

ಹೆಡ್ಡು ಉಳಿದರೂ ಫೈಲು ಕೆಡಬಹುದು. ಬರೆಯುತ್ತಿದ್ದ ಫೈಲಿನ ವಿಳಾಸ ಅರ್ಧಕ್ಕೆ ನಿಂತರೆ ಇಡೀ ಡಿಸ್ಕ್ ಖಾಲಿಯಂತೆ ಕಾಣಬಹುದು. ಟಿವಿ, ಮ್ಯಾಕ್, ವಿಂಡೋಸ್ ಮೂರಕ್ಕೂ ನಡೆಯಲಿ ಅಂತ ನಾವು ಡಿಸ್ಕನ್ನು ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿಸಿಕೊಂಡಿರುತ್ತೇವೆ. ಎನ್‌ಟಿಎಫ್‌ಎಸ್‌ನಲ್ಲಿ ಇರುವಂತೆ, ಏನು ಮಾಡಲು ಹೊರಟಿದ್ದೆ ಅಂತ ಮೊದಲೇ ಟಿಪ್ಪಣಿ ಬರೆದಿಟ್ಟುಕೊಳ್ಳುವ ಜರ್ನಲ್ ವ್ಯವಸ್ಥೆ ಎಕ್ಸ್‌ಫ್ಯಾಟಿಗೆ ಇಲ್ಲ. ನಡುವೆ ಕರೆಂಟು ಹೋದರೆ ಅದು ಬೇಗ ದಾರಿ ತಪ್ಪುತ್ತದೆ. 2018ರ ಕೊನೆಯ ವಿಂಡೋಸ್ 10 ಆವೃತ್ತಿಯಿಂದೀಚೆಗೆ ಹೊರಗಿನ ಡಿಸ್ಕುಗಳಿಗೆ ‘ಕ್ವಿಕ್ ರಿಮೂವಲ್’ ತಾನಾಗಿಯೇ ಚಾಲೂ ಇರುತ್ತದೆ ನಿಜ, ಆದರೆ ಕಾಪಿ ನಡೆಯುವಾಗ ಹೋದ ಕರೆಂಟಿಗೆ ಅದು ಉತ್ತರವಲ್ಲ. ಇಂಥ ಹೊತ್ತಿನಲ್ಲಿ ವಿಂಡೋಸ್ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಅನ್ನುತ್ತದೆ. ಕ್ಯಾನ್ಸಲ್ ಒತ್ತಿ. ಕರೆಂಟಿನ ದಾರಿ ಸರಿಯಾಗಿದೆ ಅಂತ ಖಾತ್ರಿಯಾಗುವ ತನಕ ಚೆಕ್‌ಡಿಸ್ಕ್ ಕೂಡ ಓಡಿಸಬೇಡಿ. ಅದು ಸರಿಪಡಿಸುವ ನೆಪದಲ್ಲಿ ಡಿಸ್ಕಿನ ಮೇಲೆ ಬರೆಯುತ್ತದೆ. ಬರೆಯುವ ನಡುವೆಯೇ ಡಿಸ್ಕ್ ಮತ್ತೆ ಕುಸಿದರೆ ಇದ್ದ ವಿಳಾಸಗಳೂ ಹೋದವು. ಡಿಸ್ಕ್ ನಿಂತು ಓಡತೊಡಗಿದ ಮೇಲೆ ಮೊದಲ ಕೆಲಸ ಮುಖ್ಯ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡುವುದು. ರಿಪೇರಿ ಆಮೇಲೆ.

ಕಾಪಿ ಮುಗಿದ ಮೇಲೆ ‘ಕ್ರಿಸ್ಟಲ್‌ಡಿಸ್ಕ್‌ಇನ್ಫೋ’ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಡಿಸ್ಕಿನ ಸ್ವಂತ ದಿನಚರಿಯನ್ನು ಓದಿ. ಅಂಕಿಗಳು ಹದಿನಾರರ ಎಣಿಕೆಯಲ್ಲಿ ಇರುತ್ತವೆ, ಸೆಟ್ಟಿಂಗಿನಲ್ಲಿ ಹತ್ತರ ಎಣಿಕೆಗೆ ಬದಲಿಸಿಕೊಳ್ಳಬಹುದು. ಅಲ್ಲಿನ ‘ಸಿ0’ ಸಾಲು, ಅಂದರೆ 192, ಹೆಡ್ಡುಗಳು ಎಷ್ಟು ಸಲ ತುರ್ತಾಗಿ ಓಡಿದವು ಅನ್ನುವ ಲೆಕ್ಕ. ಅದು ‘0ಸಿ’ ಸಾಲಿನ ಪವರ್ ಆನ್ ಲೆಕ್ಕದ ಹತ್ತಿರ ಹತ್ತಿರ ಇದ್ದರೆ ಡಿಸ್ಕ್ ಹೆಚ್ಚು ಕಡಿಮೆ ಪ್ರತಿ ಸಲವೂ ಹಠಾತ್ತನೆ ಆರಿದೆ ಅಂತ ಅರ್ಥ. ಎಜೆಕ್ಟ್ ಮಾಡದೆ ಕೇಬಲ್ ಕೀಳುವ ಅಭ್ಯಾಸವೂ ಇದೇ ಲೆಕ್ಕಕ್ಕೆ ಬೀಳಬಹುದು, ಎಣಿಸುವ ರೀತಿ ಕಂಪನಿಯಿಂದ ಕಂಪನಿಗೆ ಬೇರೆ. ‘0ಎ’ ಸಾಲು, ಅಂದರೆ 10, ಮೋಟರ್ ಏಳಲು ಮರುಪ್ರಯತ್ನ ಪಟ್ಟ ಲೆಕ್ಕ. ಇದು ಸೊನ್ನೆ ಇರಬೇಕು. ‘05’ ಮತ್ತು ‘ಸಿ5’ ಸಾಲುಗಳು ತಟ್ಟೆಯ ಮೇಲಿನ ಕೆಟ್ಟ ಜಾಗಗಳ ಲೆಕ್ಕ. ಅವು ವಾರದಿಂದ ವಾರಕ್ಕೆ ಏರುತ್ತಿದ್ದರೆ ಕೇಬಲ್ ಎಷ್ಟೇ ಒಳ್ಳೆಯದಿರಲಿ, ಆ ಡಿಸ್ಕನ್ನು ಇನ್ನು ನಂಬುವಂತಿಲ್ಲ.

ಕೇಬಲ್, ಕಿಂಡಿ, ಹಬ್ ಮೂರನ್ನೂ ಬದಲಿಸಿದ ಮೇಲೂ ಡಿಸ್ಕ್ ಬೀಪ್ ಅನ್ನುತ್ತಿದ್ದರೆ ಅಥವಾ ಲಯಬದ್ಧವಾಗಿ ಬಡಿದುಕೊಳ್ಳುತ್ತಿದ್ದರೆ ನಿಮ್ಮ ಪ್ರಯತ್ನ ಅಲ್ಲಿಗೆ ಮುಗಿಯಿತು. ಫ್ರಿಜ್ಜಿನಲ್ಲಿ ಇಡುವ ಹಳೆಯ ಮದ್ದನ್ನು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಹೊರತೆಗೆದಾಗ ತಟ್ಟೆಯ ಮೇಲೆ ತೇವ ಕೂರುತ್ತದೆ. ಡಬ್ಬಿ ಬಿಚ್ಚಿ ಒಳಗಿನ ಡಿಸ್ಕನ್ನು ಡೆಸ್ಕ್‌ಟಾಪಿಗೆ ನೇರವಾಗಿ ಸಿಕ್ಕಿಸುವ ಉಪಾಯವೂ ಈಗ ಎಲ್ಲದಕ್ಕೂ ನಡೆಯುವುದಿಲ್ಲ. ಎಷ್ಟೋ ಹೊಸ ಪೋರ್ಟಬಲ್ ಡಿಸ್ಕುಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ, ಸಾಟಾ ಪಿನ್ನುಗಳೇ ಇರುವುದಿಲ್ಲ. ಕೆಲವು ಬೋರ್ಡುಗಳು ಡೇಟಾವನ್ನು ಗೂಢಲಿಪಿಗೆ ಬದಲಿಸಿಯೇ ತಟ್ಟೆಗೆ ಬರೆಯುವುದರಿಂದ ಬೋರ್ಡ್ ಬದಲಿಸಿದರೂ ಓದಲಾಗದು. ಡೇಟಾ ರಿಕವರಿ ಮಾಡುವವರ ಬಳಿ ಹೋಗುವಾಗ ಡಿಸ್ಕಿನ ಜತೆ ಅದರ ಕೇಬಲ್ಲು, ಅಡಾಪ್ಟರ್ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಮುಚ್ಚಳ ಬಿಚ್ಚಿ ನೋಡೋಣ ಅಂತ ಅಂಗಡಿಯ ಮೇಜಿನ ಮೇಲೇ ಸ್ಕ್ರೂಡ್ರೈವರ್ ಎತ್ತಿಕೊಳ್ಳುವವರಾದರೆ ಡಿಸ್ಕ್ ವಾಪಸು ಇಸಿದುಕೊಳ್ಳಿ, ಆ ಕೆಲಸಕ್ಕೆ ದೂಳಿಲ್ಲದ ಜಾಗ ಬೇಕು. ಕೆಲಸ ಬಲ್ಲವರು ಮೊದಲು ಪ್ರಶ್ನೆ ಕೇಳುತ್ತಾರೆ: ಬಿದ್ದಿತ್ತೇ, ನೀರು ತಗುಲಿತ್ತೇ, ಬೇರೆ ಅಡಾಪ್ಟರ್ ಹಾಕಿದ್ದಿರಾ, ಏನು ಸದ್ದು ಬಂತು, ಕೆಟ್ಟ ಮೇಲೆ ಎಷ್ಟು ಸಲ ಚಾಲೂ ಮಾಡಿದಿರಿ, ಯಾವ ಸಾಫ್ಟ್‌ವೇರ್ ಓಡಿಸಿದಿರಿ. ಸಂಕೋಚಪಟ್ಟುಕೊಳ್ಳದೆ ನಿಜ ಹೇಳಿ, ಅದರಲ್ಲೂ 19 ವೋಲ್ಟಿನ ಅಡಾಪ್ಟರ್ ಹಾಕಿದ್ದರೆ. ಬೋರ್ಡು ನೋಡಬೇಕೋ ಹೆಡ್ಡು ನೋಡಬೇಕೋ ಅನ್ನುವುದು ಆ ಉತ್ತರದ ಮೇಲೆ ತೀರ್ಮಾನವಾಗುತ್ತದೆ, ಬಿಲ್ಲಿನ ಮೊತ್ತವೂ ಕೂಡ.